ಕಾಡುಕೋಳಿಯ ಗರಿ ಮತ್ತು ಹುಸಿನೊಣ

ಬಲೆ, ಕೂಳಿ, ಗಾಳ ಇವು ನಮ್ಮ ಗಡಿನಾಡಿನ ಹೊಳೆಗಳಿಗೆ ಹೊಸತಲ್ಲ. ಗಾಳಕ್ಕೆ ಎರೆಹುಳವನ್ನು ಚುಚ್ಚುವುದೂ ಎಲ್ಲರಿಗೂ ಗೊತ್ತು. ಆದರೆ ಬರಿಯ ನೂಲು, ಗರಿಗಳಿಂದ ಹುಸಿನೊಣ ಕಟ್ಟಿ ಮೀನನ್ನು ಮರುಳುಗೊಳಿಸುವ ಇನ್ನೊಂದು ವಿದ್ಯೆಯಿದೆ. ಇಂಗ್ಲಿಷರು ಅದನ್ನು ‘ಫ್ಲೈ ಫಿಶಿಂಗ್’ ಎಂದರು. ಅದರ ಚರಿತ್ರೆಯನ್ನು ಓದುತ್ತ ಹೋದ ನನಗೆ ನಮ್ಮದೇ ಕಾಡಿನ ಹಕ್ಕಿಯೊಂದು ಎದುರಾಯಿತು.

ಸುಮಾರು ಕ್ರಿ.ಶ. 200ರಲ್ಲಿ ರೋಮಿನ ಲೇಖಕ ಈಲಿಯನ್ ಮೆಸಿಡೋನಿಯದ ಬೆಸ್ತರನ್ನು ಕುರಿತು ಬರೆದಿದ್ದಾನೆ. ಅಲ್ಲಿನ ಮೀನುಗಳಿಗೆ ಪ್ರಿಯವಾದ ನೊಣವನ್ನು ಕೈಯಲ್ಲಿ ಹಿಡಿದರೆ ಅದರ ಬಣ್ಣ ಕೆಟ್ಟು ರೆಕ್ಕೆ ಮುದುಡುತ್ತಿತ್ತು. ಆದ್ದರಿಂದ ಬೆಸ್ತರು ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಕೊರಳಿನ ಮೇಣದ ಬಣ್ಣದ ಎರಡು ಗರಿಗಳನ್ನು ಕಟ್ಟುತ್ತಿದ್ದರಂತೆ. ಇಂಗ್ಲೆಂಡಿನಲ್ಲಿ 1496ರಲ್ಲಿ ಅಚ್ಚಾದ ಕೈಪಿಡಿಯಲ್ಲಿ 12 ಹುಸಿನೊಣಗಳ ವಿವರವಿದೆ. ಅವುಗಳಿಗೂ ಬೇಕಾದದ್ದು ಉಣ್ಣೆ, ರೇಷ್ಮೆ, ಗರಿ ಇಷ್ಟೇ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸರಳ ವಿದ್ಯೆ ಶ್ರೀಮಂತರ ಹವ್ಯಾಸವಾಯಿತು. ಸಾಲ್ಮನ್ ಮೀನಿಗಾಗಿ ದೇಶದೇಶಗಳ ಹಕ್ಕಿಗಳ ಗರಿ ಕಟ್ಟುವ ಪದ್ಧತಿ ಬೆಳೆಯಿತು. ಜಾರ್ಜ್ ಕೆಲ್ಸನ್ 1895ರಲ್ಲಿ ಪ್ರಕಟಿಸಿದ ‘ದಿ ಸಾಲ್ಮನ್ ಫ್ಲೈ’ ಗ್ರಂಥದಲ್ಲಿ ಅಂಥವು ತುಂಬಿವೆ. ಅವುಗಳಲ್ಲಿ ಮತ್ತೆ ಮತ್ತೆ ಕಾಣುವ ‘ಜಂಗಲ್ ಕಾಕ್’ ಬೇರಾವುದೂ ಅಲ್ಲ, ನಮ್ಮ ಪಶ್ಚಿಮಘಟ್ಟದ ಬೂದುಬಣ್ಣದ ಕಾಡುಕೋಳಿ, ಮಲಯಾಳದವರ ಕಾಟ್ಟುಕೋಳಿ. ಹುಂಜದ ಕೊರಳ ಗರಿಗಳಲ್ಲಿ ಮೇಣದ ಹನಿ ಇಟ್ಟಂತೆ ಹೊಳೆಯುವ ಚುಕ್ಕೆಗಳಿರುತ್ತವೆ. ಹುಸಿನೊಣಕ್ಕೆ ಕಟ್ಟಿದಾಗ ಅವು ಕಣ್ಣಿನಂತೆ ತೋರುತ್ತವೆ. ಆ ಚುಕ್ಕೆಗಾಗಿ ಹಕ್ಕಿ ಪ್ರಾಣ ತೆರಬೇಕಾಯಿತು. 1902ರಲ್ಲಿ ಸರಕಾರ ಕಾಡುಹಕ್ಕಿಗಳ ಗರಿಯ ರಫ್ತಿಗೆ ತಡೆ ಹಾಕಿದರೂ ವ್ಯಾಪಾರ ಅಲ್ಲಿಗೇ ನಿಲ್ಲಲಿಲ್ಲ. 1972ರ ವನ್ಯಜೀವಿ ಕಾಯಿದೆ ಈ ಹಕ್ಕಿಗೆ ರಕ್ಷಣೆ ಕೊಟ್ಟಿತು.

ಇಷ್ಟೆಲ್ಲ ಅಲಂಕಾರ ಮೀನಿಗೆ ಬೇಕಿತ್ತೆ? ಅಮೆರಿಕದ ಕೆರೆಗಳಲ್ಲಿ ಬ್ಲೂಗಿಲ್ ಎಂಬ ಸಣ್ಣ ಮೀನಿದೆ. ಬಾಣಲೆಗೆ ಹಿಡಿಸುವ ಗಾತ್ರದ ಇಂಥ ಮೀನುಗಳಿಗೆ ಅಲ್ಲಿ ‘ಪ್ಯಾನ್‌ಫಿಶ್’ ಎನ್ನುತ್ತಾರೆ. ಚಳಿಗೆ ನೀರು ತಣ್ಣಗಾದಾಗ ಅದರ ಮೈ ಮಂದವಾಗುತ್ತದೆ. ಆಳದಲ್ಲಿ ನಿಂತು, ಆಹಾರದ ಹಿಂದೆ ಓಡುವುದನ್ನು ಬಿಡುತ್ತದೆ. ಆಗ ಚಿಕ್ಕ ಕೊಕ್ಕೆಗೆ ಒಂದಿಷ್ಟು ಉಣ್ಣೆ, ಸಾಕಿದ ಕೋಳಿಯ ಒಂದು ಗರಿ ಸುತ್ತಿ, ಆಳಕ್ಕೆ ಇಳಿಸಿ ನಿಧಾನವಾಗಿ ಎಳೆದರೆ ಸಾಕು. ಮೆಸಿಡೋನಿಯದ ಬೆಸ್ತರೂ ಇಷ್ಟರಲ್ಲೇ ಮೀನು ಹಿಡಿದಿದ್ದರು.

ಈ ಚರಿತ್ರೆಗೆ ನಮ್ಮ ಜಿಲ್ಲೆಯ ನಂಟೂ ಇದೆ. ಕಾಸರಗೋಡು ಒಳಗೊಂಡಿದ್ದ ಅಂದಿನ ದಕ್ಷಿಣ ಕನ್ನಡದಲ್ಲಿ ಕಲೆಕ್ಟರರಾಗಿದ್ದ ಹೆನ್ರಿ ಸಲಿವನ್ ಥಾಮಸ್, 1873ರಲ್ಲಿ ಮಂಗಳೂರಿನಿಂದಲೇ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗಾಳದ ಗ್ರಂಥವನ್ನು ಹೊರತಂದರು. ಹೀಗೆ ಹುಸಿನೊಣಗಳ ಹೆಸರು, ಬರೆದವರ ಹೆಸರು ಗ್ರಂಥಗಳಲ್ಲಿ ಉಳಿದಿವೆ. ಘಟ್ಟದ ಕಾಡಿನಲ್ಲಿ ಉರುಳೊಡ್ಡಿ ಆ ಕೋಳಿ ಹಿಡಿದವರ ಹೆಸರನ್ನು ಮಾತ್ರ ಆ ಗ್ರಂಥಗಳು ಹೇಳುವುದಿಲ್ಲ. ಅವರಿಗೆ ಸಿಕ್ಕ ಕಾಸೆಷ್ಟು, ಗರಿ ಯಾವ ದಾರಿಯಿಂದ ಹಡಗು ಹತ್ತಿತು ಎಂಬುದು ಹಿರಿಯರ ನೆನಪಿನಲ್ಲಿ ಇನ್ನೂ ಇದ್ದರೆ, ಬಲ್ಲವರು ಬರೆದಿಡಬೇಕು. ಕನ್ನಡದಲ್ಲಾದರೂ ಸರಿ, ಮಲಯಾಳದಲ್ಲಾದರೂ ಸರಿ.