ಮಾರ್ಟ್‌ಡೆಕಾಯ್ (ಚಲನಚಿತ್ರ)

2015ರ ಜನವರಿಯಲ್ಲಿ ತೆರೆಕಂಡ ಇಂಗ್ಲಿಷ್ ಅಪರಾಧ-ಹಾಸ್ಯ ಚಿತ್ರ. ನಿರ್ದೇಶಕ ಡೇವಿಡ್ ಕೆಪ್. ಚಿತ್ರಕಥೆ ಎರಿಕ್ ಅರಾನ್ಸನ್ ಅವರದು. ಕಳುವಾದ ಗೋಯಾ ಕಲಾಕೃತಿಯೊಂದರ ಬೆನ್ನು ಹತ್ತುವ, ಸಾಲದಲ್ಲಿ ಮುಳುಗಿದ ಶ್ರೀಮಂತ ಮನೆತನದ ಕಲಾವ್ಯಾಪಾರಿ ಚಾರ್ಲಿ ಮಾರ್ಟ್‌ಡೆಕಾಯ್ ಇದರ ನಾಯಕ. ಆ ಪಾತ್ರದಲ್ಲಿ ಜಾನಿ ಡೆಪ್, ಹೆಂಡತಿ ಜೊಹಾನಾಳಾಗಿ ಗ್ವಿನೆತ್ ಪ್ಯಾಲ್ಟ್ರೋ, ಸೇವಕ ಜಾಕ್ ಆಗಿ ಪಾಲ್ ಬೆಟನಿ, ಗುಪ್ತಚರ ಅಧಿಕಾರಿ ಮಾರ್ಟ್‌ಲ್ಯಾಂಡ್ ಆಗಿ ಯುವನ್ ಮೆಕ್‌ಗ್ರೆಗರ್ ನಟಿಸಿದ್ದಾರೆ.

ಮೂಲ, ಕಿರಿಲ್ ಬಾನ್‌ಫಿಗ್ಲಿಯೋಲಿ (1928–1985) 1970ರ ದಶಕದ ಆರಂಭದಲ್ಲಿ ಬರೆದ ‘ಡೋಂಟ್ ಪಾಯಿಂಟ್ ದಟ್ ಥಿಂಗ್ ಅಟ್ ಮಿ’ ಕಾದಂಬರಿ. ಲೇಖಕರು ಸ್ವತಃ ಕಲಾಕೃತಿಗಳ ವ್ಯಾಪಾರಿ. ಕಾದಂಬರಿಯ ಜೀವಾಳವಿರುವುದು ಕಥೆಯಲ್ಲಲ್ಲ, ಹೇಳುವ ದನಿಯಲ್ಲಿ: ನಾಯಕನೇ ತನ್ನ ಹೇಡಿತನವನ್ನೂ ನೀತಿಗೇಡಿತನವನ್ನೂ ನಾಚಿಕೆಯಿಲ್ಲದೆ, ಬಲು ನಯವಾಗಿ ಒಪ್ಪಿಸುತ್ತಾ ಹೋಗುತ್ತಾನೆ. ತೆರೆಯ ಮೇಲೆ ಆ ದನಿ ಅಡಗಿ, ಹಾಸ್ಯದ ಭಾರವೆಲ್ಲ ನಾಯಕನ ತಿರುಚಿದ ಮೀಸೆಯ ಮೇಲೆ ಬಿತ್ತು. ಪ್ಯಾಲ್ಟ್ರೋಗೆ ಆ ಮೀಸೆ ಕಂಡರೆ ವಾಕರಿಕೆ ಬರುವ ಪ್ರಸಂಗವಂತೂ ಮುಗಿಯುವುದೇ ಇಲ್ಲ. (ಮೀಸೆಗೂ ಮೂಲವುಂಟು: ಲೇಖಕರು ಅಪೂರ್ಣವಾಗಿ ಬಿಟ್ಟುಹೋಗಿ, ಕ್ರೇಗ್ ಬ್ರೌನ್ 1999ರಲ್ಲಿ ಪೂರ್ಣಗೊಳಿಸಿದ, ಮಾರ್ಟ್‌ಡೆಕಾಯ್ ಕಾದಂಬರಿ ಸರಣಿಯ ಕೊನೆಯ ಪುಸ್ತಕದ ಹೆಸರಲ್ಲೇ ಅದಿದೆ.)

ವಿಮರ್ಶಕರು ಚಿತ್ರವನ್ನು ಹಿಗ್ಗಾಮುಗ್ಗಾ ಜಾಡಿಸಿದರು. ಸುಮಾರು 6 ಕೋಟಿ ಡಾಲರ್ ವೆಚ್ಚದ ಚಿತ್ರ ವಿಶ್ವದಾದ್ಯಂತ ಗಳಿಸಿದ್ದು 5 ಕೋಟಿಗೂ ಕಡಿಮೆ. ಬೆಟನಿಯ ಜಾಕ್ ಮಾತ್ರ ಮೂಲದ ಒರಟು ತಮಾಷೆಯನ್ನು ಒಂದಿಷ್ಟು ಉಳಿಸಿಕೊಂಡಿದ್ದಾನೆ. ಕೆಟ್ಟ ಚಿತ್ರಗಳಿಗೆ ಮೀಸಲಾದ ರಾಝಿ ಪ್ರಶಸ್ತಿಯ ಅತಿ ಕೆಟ್ಟ ಜೋಡಿ ವಿಭಾಗದಲ್ಲಿ ಡೆಪ್ ಮತ್ತು ಅವರ ಅಂಟಿಸಿದ ಮೀಸೆ ನಾಮನಿರ್ದೇಶನ ಪಡೆದವು.