ಬುತ್ತಿ ಕಟ್ಟಿಕೊಂಡು ಹೊರಟಾಗ

ನಮ್ಮ ಅಜ್ಜಿಯರ ಕಾಲದಲ್ಲಿ ಹೆಂಗಸರು ಮನೆ ಬಿಟ್ಟು ಹೊರಡಬೇಕಾದರೆ ಒಂದು ಕಾರಣ ಬೇಕಿತ್ತು. ತವರಿನಲ್ಲಿ ಮದುವೆ, ಮಗಳ ಬಾಣಂತನ, ಊರದೇವರ ಜಾತ್ರೆ, ಇಲ್ಲವೇ ಎಂದೋ ಹೊತ್ತ ಹರಕೆ. ‘ಸುಮ್ಮನೆ ನೋಡಿಕೊಂಡು ಬರೋಣ’ ಎಂದು ಗಾಡಿ ಕಟ್ಟಿಸಿದ ಅಜ್ಜಿಯ ಕಥೆಯನ್ನು ನಾನಂತೂ ಕೇಳಿಲ್ಲ. ಮಕ್ಕಳ ಕೈ ಹಿಡಿದು ಕಾರಣವಿಲ್ಲದೆ ಹೊರಡುವ ಸಂತೋಷ ನಮಗೆ ತಾನಾಗಿಯೇ ದಕ್ಕಿದ್ದಲ್ಲ. ಅದಕ್ಕೂ ಒಂದು ಚರಿತ್ರೆಯಿದೆ.

ಆ ಚರಿತ್ರೆಯಲ್ಲಿ ಬಸ್ಸಿಗೆ ದೊಡ್ಡ ಪಾಲಿದೆ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಡನೆ ಕೆಲಸ ಆರಂಭಿಸಿತು. 1961ರಲ್ಲಿ ಸಾರಿಗೆ ನಿಗಮವಾಯಿತು. ಖಾಸಗಿ ಬಸ್ಸುಗಳು ಮೊದಲಿನಿಂದಲೂ ಇದ್ದವು, ಮಲೆನಾಡಿನಲ್ಲಿ ಈಗಲೂ ಇವೆ. ಬೆಳಿಗ್ಗೆ ಹೋಗಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು ಎಂದಾದ ಮೇಲೆ ಅತ್ತೆ ಮಾವಂದಿರ ಒಪ್ಪಿಗೆ ಪಡೆಯುವುದೂ ಸುಲಭವಾಯಿತು. ನಸುಕಿನಲ್ಲೆದ್ದು ಬುತ್ತಿ ಕಟ್ಟುವ ಕೆಲಸ ಮಾತ್ರ ಅಮ್ಮನಿಗೇ ಉಳಿಯಿತು.

ಶಿವಮೊಗ್ಗ ಸೀಮೆಯ ನಮಗೆ ಅಂಥ ಪ್ರವಾಸವೆಂದರೆ ಜೋಗ. ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲಾಗಿ ಶರಾವತಿ 830 ಅಡಿ ಕೆಳಗೆ ಧುಮುಕುವ ಜಾಗ. ಅಲ್ಲಿ ಜಲವಿದ್ಯುತ್ ಉತ್ಪಾದನೆ ಶುರುವಾದದ್ದು 1948ರಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ನೀರು ಮೊದಲು ಯಂತ್ರಕ್ಕೆ, ಮಿಕ್ಕಿದ್ದು ಜಲಪಾತಕ್ಕೆ ಎಂಬಂತಾಯಿತು. ಒಳ್ಳೆಯ ಮಳೆಯಾಗಿ ಜಲಾಶಯ 1819 ಅಡಿಯ ಪೂರ್ಣ ಮಟ್ಟದ ಹತ್ತಿರ ಬಂದು ಗೇಟು ತೆಗೆದರೆ ಜೋಗದ ವೈಭವ ನೋಡಬೇಕು. ಬೇಸಿಗೆಯಲ್ಲಿ ಕರಿಬಂಡೆಯ ಮೇಲೆ ಒಂದೆರಡು ಬಿಳಿ ಎಳೆ ಕಂಡರೆ ಅದೇ ಪುಣ್ಯ. ಮಳೆಗಾಲದಲ್ಲಿ ನೀರಿದ್ದರೂ ಮಂಜು ಮುಚ್ಚಿರುತ್ತದೆ. ಹೀಗಾಗಿ ಜೋಗಕ್ಕೆ ಹೊರಟವರು ಜೋಗವನ್ನು ಕಂಡೇ ಬರುತ್ತಾರೆಂಬ ಭರವಸೆಯಿಲ್ಲ.

ನಮ್ಮ ಮಕ್ಕಳು ಚಿಕ್ಕವರಿದ್ದಾಗ ಒಂದು ಜುಲೈಯಲ್ಲಿ ಹೋಗಿದ್ದೆವು. ಬಟ್ಟೆಯೆಲ್ಲ ತೊಯ್ದು, ಕಟಕಟೆ ಹಿಡಿದು ನಿಂತರೆ ಎದುರಿಗೆ ಬರೀ ಬಿಳಿ. ‘ಅಮ್ಮಾ, ಜೋಗ ಎಲ್ಲಿ?’ ಎಂದು ಮಗ ಅಳುಮೋರೆ ಮಾಡಿದ. ಯಜಮಾನರು ಮುಂದಿನ ಬಸ್ಸಿನ ಹೊತ್ತು ವಿಚಾರಿಸಲು ಹೋದರು. ನಾವು ಮೂವರೂ ಒಂದು ಸೂರಿನಡಿ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ತಿನ್ನುತ್ತಾ ಮಗಳು ಕಣ್ಣು ಮುಚ್ಚಿಕೊಂಡು, ‘ಈ ದೊಡ್ಡ ಸದ್ದು ರೋರರ್‌ದು, ಅಲ್ಲವಾ ಅಮ್ಮ?’ ಎಂದಳು. ಅಲ್ಲ, ರಾಜನದು ಎಂದು ಮಗ ವಾದಕ್ಕಿಳಿದ. ಅಳು ಎಲ್ಲಿ ಹೋಯಿತೋ! ಮಂಜು ಕೊನೆಗೂ ಸರಿಯಲಿಲ್ಲ. ಮುಂದೆ ಎರಡು ಸಲ ತುಂಬಿದ ಜೋಗವನ್ನು ಕಂಡರೂ ಇಂದಿಗೂ ಅವರಿಬ್ಬರ ಬಾಯಲ್ಲಿ ಬರುವುದು ಆ ಕಾಣದ ಜೋಗವೇ. ನನಗೂ ಅಷ್ಟೆ. ಒಲೆಯಿಲ್ಲ, ಗಡಿಯಾರವಿಲ್ಲ, ಮಕ್ಕಳಿಗೆ ತೋರಿಸಬೇಕಾದ್ದೂ ಏನಿಲ್ಲ. ಸುಮ್ಮನೆ ಅವರ ಪಕ್ಕ ಕೂತಿರುವಷ್ಟು ಬಿಡುವು ತಾಯಂದಿರಿಗೆ ಎಷ್ಟು ಸಲ ಸಿಕ್ಕೀತು ಹೇಳಿ.

ಮಕ್ಕಳು ತಿಳಿಯುವಷ್ಟು ದೊಡ್ಡವರಾದ ಮೇಲೆ ಅವರಿಗೆ ಇನ್ನೊಂದು ಮಾತನ್ನೂ ಹೇಳಬೇಕಾಯಿತು. ಲಿಂಗನಮಕ್ಕಿಯ ನೀರಿನಡಿ ಊರುಗಳಿವೆ, ಗದ್ದೆ ತೋಟಗಳಿವೆ. ಸಾವಿರಾರು ಕುಟುಂಬಗಳು ಎದ್ದು ಹೋದವು. ಎಷ್ಟೋ ಹೆಂಗಸರಿಗೆ ಹಬ್ಬಕ್ಕೆ ಹೋಗಲು ತವರೇ ಉಳಿಯಲಿಲ್ಲ. ಹಿನ್ನೀರಿನಾಚೆ ಉಳಿದವರಿಗೆ ಸಾಗರದ ಪೇಟೆ ದೂರವಾಯಿತು. ಸಿಗಂದೂರಿಗೆ ಹೋಗುವಾಗ ಹೊಳೆಬಾಗಿಲಿನ ಲಾಂಚಿನಲ್ಲಿ ನಮ್ಮ ಮಕ್ಕಳು ಕುಣಿಯುತ್ತಿದ್ದರು; ಆಚೆ ದಡದ ತಾಯಿಗೆ ಅದೇ ಲಾಂಚು ಆಸ್ಪತ್ರೆಯ ದಾರಿ. ನೀರು ತಗ್ಗಿ ಲಾಂಚಿನಲ್ಲಿ ವಾಹನಗಳನ್ನು ಹತ್ತಿಸದ ಬೇಸಿಗೆಗಳೂ ಇದ್ದವು. ನಮಗೆ ಒಂದು ದಿನದ ತಮಾಷೆಯಾಗಿದ್ದ ಅನಿಶ್ಚಯ ಅವರಿಗೆ ನಿತ್ಯದ ಬದುಕಾಗಿತ್ತು. 2025ರ ಜುಲೈ 14ರಂದು ಅಲ್ಲಿ 2.44 ಕಿಲೋಮೀಟರ್ ಉದ್ದದ ಸೇತುವೆ ತೆರೆಯಿತು. ಲಾಂಚಿನ ಮೋಜು ಹೋಯಿತೆಂದು ಕೊರಗುವವರು ಆ ದಡದ ಹೆಂಗಸರನ್ನೊಮ್ಮೆ ಕೇಳಿ ನೋಡಲಿ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ಸಿಕ್ಕಿತು. ಹೆಂಗಸರಿಗೆ ತಿರುಗಾಟ ಹೆಚ್ಚಾಯಿತೆಂದು ಆಗ ಕೆಲವರು ನಕ್ಕರು. ನಗಲಿ. ‘ಯಾಕೆ ಹೋಗಬೇಕು?’ ಎಂಬ ಹಳೆಯ ಪ್ರಶ್ನೆಯೇ ಆ ನಗುವಿನಲ್ಲಿದೆ. ನಮ್ಮ ಅಜ್ಜಿಯರು ಅದಕ್ಕೆ ಉತ್ತರ ಹುಡುಕಿಯೇ ಗಾಡಿ ಹತ್ತುತ್ತಿದ್ದರು, ನಾವು ಹುಡುಕಬೇಕಾಗಿಲ್ಲ. ಮಕ್ಕಳಿಗೆ ರಜೆಯಿದ್ದರೆ ಹೊರಡಿ. ಬುತ್ತಿ ಮಾತ್ರ ಒಂದು ಹಿಡಿ ಹೆಚ್ಚೇ ಇರಲಿ, ದಾರಿಯಲ್ಲಿ ಎಷ್ಟು ಹೊತ್ತಾದೀತೆಂದು ಹೇಳಬರುವುದಿಲ್ಲ.