ಹೊಲದ ಅಳತೆ, ಮನೆಯ ಅಳತೆ: ಬೆಂಗಳೂರಿನ ಪಶ್ಚಿಮದ ಹಳ್ಳಿಗಳಲ್ಲಿ ವಸತಿಯ ಅಗತ್ಯವನ್ನು ಎಣಿಸಿದ ಬಗೆ

ಒಂದು ಊರಿಗೆ ಎಷ್ಟು ಮನೆಗಳು ಬೇಕು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಬರಿಯ ಲೆಕ್ಕದ ಪ್ರಶ್ನೆಯಂತೆ ತೋರುತ್ತದೆ. ಸಂಸಾರಗಳನ್ನು ಎಣಿಸಿ, ಮನೆಗಳನ್ನು ಎಣಿಸಿ, ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಉತ್ತರ ದೊರೆಯಬೇಕು. ಆದರೆ ಯಾರನ್ನು ಪ್ರತ್ಯೇಕ ಸಂಸಾರವೆಂದು ಗಣಿಸಬೇಕು, ಯಾವುದನ್ನು ಮನೆಯೆಂದು ಒಪ್ಪಬೇಕು, ಎಣಿಸುವ ಅಧಿಕಾರ ಯಾರದು ಎಂಬ ಮೂರು ಮಾತುಗಳು ಇತ್ಯರ್ಥವಾಗದ ಹೊರತು ಈ ಲೆಕ್ಕ ಮುಂದೆ ಸಾಗದು. ಇವಕ್ಕೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರಗಳು ದೊರೆತಿವೆ. ಆದುದರಿಂದ ವಸತಿಯ ಅಗತ್ಯವೆಂಬುದು ಅರ್ಥಶಾಸ್ತ್ರದ ವಿಷಯವಾಗಿರುವಂತೆಯೇ ಇತಿಹಾಸದ ವಿಷಯವೂ ಆಗಿದೆ.

ಈ ದೃಷ್ಟಿಯಿಂದ ಬೆಂಗಳೂರಿನ ಪಶ್ಚಿಮ ಭಾಗವು ವಿಶೇಷ ಪರಿಶೀಲನೆಗೆ ಅರ್ಹವಾಗಿದೆ. ಇಂದು ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ ಎಂದು ಹೆಸರಾದ ಬಡಾವಣೆಗಳಿರುವೆಡೆ ಸ್ವಾತಂತ್ರ್ಯದ ಹೊತ್ತಿಗೆ ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆ ಮೊದಲಾದ ಊರುಗಳಿದ್ದುವು. ಮೈಸೂರು ರಸ್ತೆಯಲ್ಲಿ ಮುಂದೆ ಸಾಗಿದರೆ ಕೆಂಗೇರಿ ಹೋಬಳಿಯ ಹಳ್ಳಿಗಳು. ಒಂದೆರಡು ತಲೆಮಾರುಗಳ ಅವಧಿಯಲ್ಲಿ ಗ್ರಾಮವು ನಗರವಾಗಿ ಪರಿವರ್ತನೆ ಹೊಂದಿದ ಈ ಪ್ರದೇಶದಲ್ಲಿ ನಗರದ ವಸತಿಯ ಅಗತ್ಯವನ್ನು ಹೇಗೆ ಅಳೆದರು, ಹಳ್ಳಿಯ ಅಗತ್ಯವನ್ನು ಹೇಗೆ ಅಳೆದರು ಅಥವಾ ಅಳೆಯದೆ ಬಿಟ್ಟರು ಎಂಬುದನ್ನು ವಿಚಾರಮಾಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ನಗರದ ಅಗತ್ಯವನ್ನು ನೋಡೋಣ. 1898ರಲ್ಲಿ ಬೆಂಗಳೂರಿಗೆ ತಗಲಿದ ಪ್ಲೇಗು ಮಾರಿಯು ಪೇಟೆಯ ಇಕ್ಕಟ್ಟಾದ ಕೇರಿಗಳ ಸ್ಥಿತಿಯನ್ನು ಬಯಲಿಗೆ ತಂದಿತು. ಮಲ್ಲೇಶ್ವರ, ಬಸವನಗುಡಿಗಳ ನಿರ್ಮಾಣಕ್ಕೆ ಅದು ಕಾರಣವಾಯಿತು. ಅಂದು ಅಗತ್ಯದ ಅಳತೆಗೋಲು ಆರೋಗ್ಯವಾಗಿತ್ತು. ಅರ್ಧ ಶತಮಾನದ ಬಳಿಕ ಆ ಸ್ಥಾನಕ್ಕೆ ಕೈಗಾರಿಕೆಯ ದುಡಿಮೆ ಬಂದಿತು. 1941ರಲ್ಲಿ ಸುಮಾರು 4 ಲಕ್ಷವಿದ್ದ ಜನಸಂಖ್ಯೆ 1951ರ ಗಣತಿಯಲ್ಲಿ 7.8 ಲಕ್ಷದ ಸಮೀಪಕ್ಕೆ ಏರಿತು. ಗಿರಣಿಗಳು ಮೊದಲೇ ಇದ್ದುವು. ಯುದ್ಧಕಾಲದಲ್ಲಿಯೂ ಆಮೇಲೂ ದೊಡ್ಡ ಕಾರ್ಖಾನೆಗಳು ಬಂದುವು. ಕೆಲಸಗಾರರು ಬಂದರು, ಅವರಿಗೆ ಸೂರು ಇರಲಿಲ್ಲ.

ಇದನ್ನು ಎದುರಿಸಲು 1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್ ರಚಿತವಾಯಿತು. 1949ರಲ್ಲಿ ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ನಗರದ ಪಶ್ಚಿಮಕ್ಕೆ ಕೈಗಾರಿಕಾ ಉಪನಗರವೊಂದಕ್ಕೆ ಶಂಕುಸ್ಥಾಪನೆ ಮಾಡಿದರು. ಅವರ ಹೆಸರಿನಿಂದಲೇ ಅದು ರಾಜಾಜಿನಗರವಾಯಿತು. 1952ರಲ್ಲಿ ಭಾರತ ಸರ್ಕಾರವು ಕೈಗಾರಿಕಾ ಕಾರ್ಮಿಕರಿಗೆ ಸಹಾಯಧನದ ವಸತಿ ಯೋಜನೆಯನ್ನೂ, 1954ರಲ್ಲಿ ಅಲ್ಪ ವರಮಾನದವರ ವಸತಿ ಯೋಜನೆಯನ್ನೂ ಜಾರಿಗೆ ತಂದಿತು. ಈ ಯೋಜನೆಗಳಲ್ಲಿ ಅಗತ್ಯವು ಎರಡು ರೂಪದಲ್ಲಿ ಸರ್ಕಾರದ ಕಣ್ಣಿಗೆ ಬೀಳುತ್ತಿತ್ತು: ಒಂದು, ಕಾರ್ಖಾನೆಯ ಹಾಜರಿ ಪಟ್ಟಿಯಲ್ಲಿ ಹೆಸರಿದ್ದ ಕೆಲಸಗಾರ, ಎರಡು, ನಿವೇಶನಕ್ಕಾಗಿ ಅರ್ಜಿ ಹಾಕಿದ ನಗರವಾಸಿ. ಹಾಜರಿ ಪಟ್ಟಿಯಲ್ಲಿ ಇಲ್ಲದವನೂ ಅರ್ಜಿ ಹಾಕಲಾರದವನೂ ಈ ಎಣಿಕೆಯಿಂದ ಹೊರಗುಳಿದರು.

ಹಾಗೆ ಹೊರಗುಳಿದವರಲ್ಲಿ, ಯಾರ ಹೊಲದಲ್ಲಿ ಆ ಉಪನಗರ ಏಳಬೇಕಾಗಿತ್ತೋ ಆ ಹಳ್ಳಿಗರೇ ಮುಖ್ಯರು. ಇದಕ್ಕೆ ಯಾರ ದುರುದ್ದೇಶವೂ ಕಾರಣವೆಂದು ಭಾವಿಸಬೇಕಾಗಿಲ್ಲ. ಕಾರಣವು ದಾಖಲೆಗಳ ಸ್ವರೂಪದಲ್ಲಿಯೇ ಇದೆ. ಮೈಸೂರು ಸೀಮೆಯಲ್ಲಿ 1863ರಲ್ಲಿ ಮೊದಲ್ಗೊಂಡ ಕಂದಾಯ ಮೋಜಣಿಯು ಪ್ರತಿಯೊಂದು ಹೊಲಕ್ಕೂ ಸರ್ವೆ ನಂಬರು ಕೊಟ್ಟು, ಎಕರೆ ಗುಂಟೆಗಳಲ್ಲಿ ವಿಸ್ತೀರ್ಣ ಬರೆದು, ತರಿ, ಖುಷ್ಕಿ, ಬಾಗಾಯ್ತು ಎಂದು ವಿಂಗಡಿಸಿ, ಖಾತೆದಾರನ ಹೆಸರನ್ನು ನಮೂದಿಸಿತು. ಆದರೆ ಜನ ವಾಸಿಸುವ ಗ್ರಾಮಠಾಣಕ್ಕೆ ಭೂಕಂದಾಯವಿರಲಿಲ್ಲ. ಕಂದಾಯವಿಲ್ಲದ ನೆಲವನ್ನು ಸೂಕ್ಷ್ಮವಾಗಿ ಅಳೆಯುವ ಪ್ರಯೋಜನವೂ ಕಂದಾಯ ಇಲಾಖೆಗೆ ಕಾಣಲಿಲ್ಲ. ಹೀಗಾಗಿ ಹಳ್ಳಿಯ ನಕ್ಷೆಯಲ್ಲಿ ಗ್ರಾಮಠಾಣವು ಸಾಮಾನ್ಯವಾಗಿ ಒಂದೇ ತುಂಡಾಗಿ ಉಳಿಯಿತು. ಅದರೊಳಗಿನ ಮನೆಗಳ ಎಲ್ಲೆಕಟ್ಟುಗಳು ಅಲ್ಲಿ ಕಾಣಲಿಲ್ಲ. ಪಂಚಾಯಿತಿಯ ಪುಸ್ತಕದಲ್ಲಿ ಮನೆಗಳ ಪಟ್ಟಿಯೇನೋ ಇದ್ದಿತು, ಆದರೆ ಅದು ಮನೆಗಂದಾಯದ ವಸೂಲಿಗಾಗಿ ಬರೆದದ್ದು. ಒಂದು ಸೂರಿನ ಕೆಳಗೆ ಎಷ್ಟು ಒಲೆಗಳು ಉರಿಯುತ್ತಿದ್ದುವೆಂಬುದು ಆ ಲೆಕ್ಕಕ್ಕೆ ಬೇಕಾಗಿರಲಿಲ್ಲ.

1894ರ ಭೂಸ್ವಾಧೀನ ಕಾಯಿದೆಯ ಕ್ರಮವು ಈ ದಾಖಲೆಗಳನ್ನೇ ಆಧರಿಸಿತ್ತು. ಅಧಿಸೂಚನೆಯಲ್ಲಿ ಬರುತ್ತಿದ್ದುದು ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ, ಖಾತೆದಾರನ ಹೆಸರು. ಪರಿಹಾರವೆಂದರೆ ಮಾರುಕಟ್ಟೆಯ ಬೆಲೆ, ಅದರ ಮೇಲೆ ಬಲವಂತದ ಸ್ವಾಧೀನಕ್ಕಾಗಿ ನೂರಕ್ಕೆ 15. 1984ರ ತಿದ್ದುಪಡಿಯಲ್ಲಿ ಇದು 30ಕ್ಕೆ ಏರಿತು. ನೆಲದಲ್ಲಿ ಹಕ್ಕು ಸ್ಥಾಪಿಸಬಲ್ಲವನಿಗೆ ಈ ಪರಿಹಾರ ದೊರೆಯುತ್ತಿತ್ತು. ಆ ಹೊಲದಲ್ಲಿ ಕೂಲಿ ಮಾಡುತ್ತಿದ್ದವನು, ಗೋಮಾಳದಲ್ಲಿ ಕುರಿ ಮೇಯಿಸುತ್ತಿದ್ದವನು, ಕೆರೆಯ ಮಣ್ಣಿನಿಂದ ಮಡಕೆ ಮಾಡುತ್ತಿದ್ದವನು ಖಾತೆದಾರರಲ್ಲ. ಹೊಲದ ಒಡೆತನ ಕೈತಪ್ಪಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದ ಕಾಯಿದೆಗೆ ಊರಿನ ಬಾಳುವೆ ಕದಲಿದ್ದನ್ನು ಎಣಿಸುವ ಸಾಧನವಿರಲಿಲ್ಲ.

ಇದರ ಪರಿಣಾಮವನ್ನು ಗ್ರಹಿಸಬೇಕಾದರೆ ಹಳ್ಳಿಯು ಸ್ವಾಭಾವಿಕವಾಗಿ ಬೆಳೆಯುತ್ತಿದ್ದ ಕ್ರಮವನ್ನು ನೆನೆಯಬೇಕು. ಅಣ್ಣತಮ್ಮಂದಿರು ಪಾಲಾದಾಗ ಮೊದಲು ನಡುಮನೆಗೆ ಅಡ್ಡಗೋಡೆ ಬೀಳುತ್ತಿತ್ತು. ಅನಂತರ ಹಿತ್ತಲಲ್ಲಿ ಮತ್ತೊಂದು ಮನೆ ಏಳುತ್ತಿತ್ತು. ಹಿತ್ತಲೂ ಸಾಲದಾದಾಗ ಊರಂಚಿನ ಹೊಲದಲ್ಲಿಯೋ ಕಣದ ಬಳಿಯೋ ಹೊಸ ಮನೆ ಕಟ್ಟುತ್ತಿದ್ದರು. ಮಣ್ಣು ಕೆರೆಯದು, ಕಲ್ಲು ಹತ್ತಿರದ ಬಂಡೆಯದು, ದುಡಿಮೆ ನೆಂಟರಿಷ್ಟರದು. ಕೈಗೆಟುಕುವ ವಸತಿಯೆಂದು ಇಂದು ನಾವು ಕರೆಯುವುದನ್ನು ಈ ವ್ಯವಸ್ಥೆಯು ತನ್ನ ಮಿತಿಯಲ್ಲಿ ಒದಗಿಸುತ್ತಿತ್ತು. ಅದು ಎಲ್ಲರಿಗೂ ಸಮನಾಗಿ ಒದಗುತ್ತಿರಲಿಲ್ಲವೆಂಬುದನ್ನೂ ಮರೆಯಬಾರದು. ಊರ ಹೊರಗಿನ ಕೇರಿಗಳಿಗೆ ಹರಡಿಕೊಳ್ಳುವ ನೆಲ ಮೊದಲಿನಿಂದಲೂ ಕಡಮೆ. ಗ್ರಾಮಠಾಣವನ್ನು ಬಿಟ್ಟು ಸುತ್ತಣ ಹೊಲಗಳನ್ನೆಲ್ಲ ಬಡಾವಣೆಗೆ ತೆಗೆದುಕೊಂಡಾಗ ಈ ಬೆಳವಣಿಗೆಯ ದಾರಿ ಮುಚ್ಚಿತು. ಇಂದಿಗೂ ಈ ಬಡಾವಣೆಗಳ ನೇರವಾದ ಅಡ್ಡರಸ್ತೆಗಳಲ್ಲಿ ನಡೆಯುತ್ತ ಹೋದರೆ ಅಲ್ಲಲ್ಲಿ ಹಠಾತ್ತನೆ ಓಣಿಗಳು ಸೊಟ್ಟಗಾಗಿ, ಗ್ರಾಮದೇವತೆಯ ಗುಡಿಯ ಸುತ್ತ ಮನೆಗಳು ಒತ್ತೊತ್ತಾಗಿ ನಿಂತಿರುವುದನ್ನು ಕಾಣಬಹುದು. ಹೆಸರುಗಳು ಅತ್ತಿಗುಪ್ಪೆ, ಹೊಸಹಳ್ಳಿ ಮೆಟ್ರೊ ನಿಲ್ದಾಣಗಳಲ್ಲಿಯೂ ಉಳಿದಿವೆ.

ಟ್ರಸ್ಟ್ ಬೋರ್ಡಿನ ಕೆಲಸವನ್ನು ಹಳಿಯುವುದು ಈ ಮಾತಿನ ಅಭಿಪ್ರಾಯವಲ್ಲ. ಅದರ ಬಡಾವಣೆಗಳಲ್ಲಿ ಅಸಂಖ್ಯಾತ ಸಂಸಾರಗಳು ನೆಲೆ ಕಂಡುವು. ಹಳ್ಳಿಯವರಲ್ಲಿಯೂ ಜಮೀನು ಉಳಿಸಿಕೊಂಡವರು ಅದನ್ನು ಮಾರಿಯೋ ವಠಾರ ಕಟ್ಟಿಸಿ ಬಾಡಿಗೆಗೆ ಕೊಟ್ಟೋ ಅನುಕೂಲಸ್ಥರಾದುದುಂಟು. ಆದರೆ ಒಂದೇ ಊರಿನಲ್ಲಿ ನೆಲವುಳ್ಳವನ ಲಾಭವೂ ನೆಲವಿಲ್ಲದವನ ಇಕ್ಕಟ್ಟೂ ಒಟ್ಟಿಗೆ ಬೆಳೆದಾಗ, ಊರಿನ ಸರಾಸರಿಯನ್ನು ತೆಗೆದು ನೋಡುವವನಿಗೆ ಇಕ್ಕಟ್ಟು ಕಾಣುವುದಿಲ್ಲ.

ಇನ್ನು ಹಳ್ಳಿಗಳಿಗೆಂದೇ ಏರ್ಪಟ್ಟ ಅಳತೆಗಳ ವಿಚಾರ. 1957ರಲ್ಲಿ ಗ್ರಾಮ ವಸತಿ ಯೋಜನೆ ಆರಂಭವಾಯಿತು. ಆಯ್ದ ಹಳ್ಳಿಗಳಲ್ಲಿ ಮನೆ ಕಟ್ಟಲು, ಇದ್ದ ಮನೆಯನ್ನು ಸುಧಾರಿಸಲು ಸಾಲ ಕೊಡುವುದು ಅದರ ಮುಖ್ಯ ಕ್ರಮ. ಸಾಲವು ತೀರಿಸಬಲ್ಲವನನ್ನು ಹುಡುಕುತ್ತದೆಯಾದ್ದರಿಂದ ಅತ್ಯಂತ ಬಡವನು ಅದರ ಕೈಗೆ ಸಿಕ್ಕುವುದು ಕಷ್ಟ. 1961ರ ಜನಗಣತಿಯು ಮನೆಗಳನ್ನು ಕುರಿತು ಹಿಂದಿಗಿಂತ ವಿವರವಾದ ಮಾಹಿತಿಯನ್ನು ಸಂಗ್ರಹಿಸಿತು: ಗೋಡೆ ಯಾವುದರದು, ಚಾವಣಿ ಯಾವುದರದು, ಕೋಣೆಗಳೆಷ್ಟು, ವಾಸಿಸುವವರೆಷ್ಟು. ಮಣ್ಣಿನ ಗೋಡೆ, ಹುಲ್ಲಿನ ಚಾವಣಿ, ನಾಡಹೆಂಚು, ಕಲ್ಲುಚಪ್ಪಡಿ ಎಂಬ ಭೇದಗಳು ಹೀಗೆ ಅಂಕಿಗಳಾದುವು. ಆದರೆ ದನದ ಕೊಟ್ಟಿಗೆಯೂ ಅಡಿಗೆಯ ಮೂಲೆಯೂ ಮಲಗುವ ಜಾಗವೂ ಒಂದೇ ಅಂಕಣದಲ್ಲಿರುವ ಮನೆಯಲ್ಲಿ ಕೋಣೆಗಳನ್ನು ಎಣಿಸುವುದು ಸುಲಭವಲ್ಲವೆಂಬುದು ಹಳ್ಳಿಯ ಮನೆಯನ್ನು ಬಲ್ಲವರಿಗೆ ತಿಳಿಯದ ಸಂಗತಿಯೇನಲ್ಲ.

ಮುಂದಿನ ದಶಕಗಳಲ್ಲಿ ಅಳತೆಯ ಕೇಂದ್ರವು ಸಾಲದಿಂದ ನಿವೇಶನಕ್ಕೂ ಅಲ್ಲಿಂದ ಸಹಾಯಧನಕ್ಕೂ ಸರಿಯಿತು. ದೇವರಾಜ ಅರಸರ ಆಡಳಿತಕಾಲದಲ್ಲಿ ನಿವೇಶನರಹಿತರಿಗೆ ನಿವೇಶನ ಹಂಚುವ ಕಾರ್ಯ ನಡೆಯಿತು. 1985ರಲ್ಲಿ ಇಂದಿರಾ ಆವಾಸ್ ಯೋಜನೆಯೂ 1991-92ರಲ್ಲಿ ಕರ್ನಾಟಕದ ಆಶ್ರಯ ಯೋಜನೆಯೂ ಬಂದುವು. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಸ್ಥಾಪಿತವಾಯಿತು. 2016ರ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯು 2011ರ ಸಾಮಾಜಿಕ ಆರ್ಥಿಕ ಜಾತಿ ಗಣತಿಯನ್ನು ಆಧಾರವಾಗಿಟ್ಟುಕೊಂಡು, ಮನೆಯಿಲ್ಲದವರನ್ನೂ ಕಚ್ಚಾ ಗೋಡೆ, ಕಚ್ಚಾ ಚಾವಣಿಯ ಒಂದೆರಡು ಕೋಣೆಗಳಲ್ಲಿರುವವರನ್ನೂ ಗುರುತಿಸಿ, ಆ ಪಟ್ಟಿಯನ್ನು ಗ್ರಾಮಸಭೆಯ ಮುಂದಿಡುವ ಕ್ರಮವನ್ನು ಅನುಸರಿಸಿತು. ಎಣಿಸುವ ಅಧಿಕಾರದಲ್ಲಿ ಊರಿಗೂ ಪಾಲು ದೊರೆತುದು ಗಮನಾರ್ಹವಾದ ಹೆಜ್ಜೆ. ಆದರೂ ಅಳತೆಗೋಲು ಮುಖ್ಯವಾಗಿ ಗೋಡೆ, ಚಾವಣಿಗಳದೇ ಆಗಿ ಉಳಿಯಿತು. ನಗರದ ಅಂಚಿನ ಹಳ್ಳಿಯಲ್ಲಿ ಇಟ್ಟಿಗೆಯ ಗೋಡೆಯ ಒಂದೇ ಕೋಣೆಯಲ್ಲಿ ಬಾಡಿಗೆಗೆ ಇರುವ ಸಂಸಾರವನ್ನು ಈ ಅಳತೆ ಹಿಡಿಯಲಾರದು. ಅದರ ಕಣ್ಣಿಗೆ ಆ ಮನೆ ಪಕ್ಕಾ.

ಕೆಂಗೇರಿಯ ಉದಾಹರಣೆಯು ಈ ತೊಡಕನ್ನು ಸ್ಪಷ್ಟಪಡಿಸುತ್ತದೆ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚಿತವಾದಾಗ 7 ನಗರಸಭೆಗಳೂ 110 ಹಳ್ಳಿಗಳೂ ಕೆಂಗೇರಿಯ ಪುರಸಭೆಯೂ ಅದರಲ್ಲಿ ಸೇರಿದುವು. ಹಾಗೆ ಸೇರಿದ ಹಳ್ಳಿಯ ಬಡವನು ಗ್ರಾಮೀಣ ಯೋಜನೆಗಳ ಪಟ್ಟಿಯಿಂದ ಹೊರಬಿದ್ದು ನಗರದ ಪಟ್ಟಿಯ ಕೊನೆಯಲ್ಲಿ ನಿಂತನು. ಅವನ ಸೂರು ಮೊದಲಿನದೇ; ಬದಲಾದುದು ಎಣಿಸುವವನ ಪುಸ್ತಕ. ಅದೇ ಹೋಬಳಿಯ ಸುತ್ತಮುತ್ತಣ ಹನ್ನೆರಡು ಹಳ್ಳಿಗಳ 4,000 ಎಕರೆಗೂ ಮೀರಿದ ಭೂಮಿಯನ್ನು ನಾಡಪ್ರಭು ಕೆಂಪೇಗೌಡ ಬಡಾವಣೆಗಾಗಿ ಗೊತ್ತುಮಾಡಿ 2010ರಲ್ಲಿ ಅಂತಿಮ ಅಧಿಸೂಚನೆ ಹೊರಡಿತು. 2013ರ ಹೊಸ ಭೂಸ್ವಾಧೀನ ಕಾಯಿದೆಯು ಭೂಮಿಯನ್ನು ನಂಬಿ ಬದುಕುವ ಭೂಹೀನರನ್ನೂ ಬಾಧಿತ ಕುಟುಂಬಗಳೆಂದು ಎಣಿಸುವ, ಸಾಮಾಜಿಕ ಪರಿಣಾಮವನ್ನು ಮುಂಚಿತವಾಗಿ ಪರಿಶೀಲಿಸುವ ವಿಧಿಯನ್ನು ತಂದಿತು. ಆದರೆ 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆಯಡಿ ನಡೆಯುವ ಸ್ವಾಧೀನಗಳಿಗೆ ಇದು ಅನ್ವಯಿಸದೆಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಹಳ್ಳಿಯ ಜನರನ್ನು ಎಣಿಸಬಹುದಾಗಿದ್ದ ಕಾಯಿದೆಯು, ಹಳ್ಳಿಗಳು ಅತಿ ವೇಗವಾಗಿ ಕರಗುತ್ತಿದ್ದ ಕಡೆಗೇ ತಲಪಲಿಲ್ಲ.

ಗ್ರಾಮಠಾಣದ ಮನೆಗಳನ್ನು ಒಂದೊಂದಾಗಿ ಅಳೆದು ಹಕ್ಕುಪತ್ರ ಕೊಡುವ 'ಸ್ವಾಮಿತ್ವ' ಯೋಜನೆಯನ್ನು ಕೇಂದ್ರ ಸರ್ಕಾರವು ಆರಂಭಿಸಿದುದು 2020ರಲ್ಲಿ. ಹೊಲದ ಮೋಜಣಿ ಆರಂಭವಾದ 157 ವರ್ಷಗಳ ಮೇಲೆ ಮನೆಯ ಮೋಜಣಿಗೆ ಸರದಿ ಬಂದಿತು. ಅದು ಕೂಡ ಗ್ರಾಮೀಣ ಪ್ರದೇಶಗಳಿಗೆ ಮಾತ್ರ. ನಗರದೊಳಗೆ ಸೇರಿಹೋದ ಗ್ರಾಮಠಾಣಗಳಿಗೆ ಅದರ ಪ್ರಯೋಜನವಿಲ್ಲ.

ಹಾಗಾದರೆ ಅಗತ್ಯವನ್ನು ಅಳೆಯುವ ಸರಿಯಾದ ಕ್ರಮವಾವುದು? 2012ರಲ್ಲಿ ನಗರ ವಸತಿಯ ಕೊರತೆಯನ್ನು ಕುರಿತು ಕೇಂದ್ರ ಸರ್ಕಾರದ ತಜ್ಞರ ತಂಡವು ಮಾಡಿದ ಲೆಕ್ಕ ಇಲ್ಲಿ ಬೋಧಪ್ರದವಾಗಿದೆ. ಆ ತಂಡವು ಕಂಡ 1.878 ಕೋಟಿ ಮನೆಗಳ ಕೊರತೆಯಲ್ಲಿ ಸುಮಾರು 1.5 ಕೋಟಿ, ಎಂದರೆ ನೂರಕ್ಕೆ ಎಂಬತ್ತು ಪಾಲು, ಮದುವೆಯಾದ ದಂಪತಿಗಳಿಗೆ ಪ್ರತ್ಯೇಕ ಕೋಣೆಯಿಲ್ಲದ ಇಕ್ಕಟ್ಟಿನಿಂದ ಬಂದುದು. ಸೂರೇ ಇಲ್ಲದವರ ಪಾಲು 5 ಲಕ್ಷಕ್ಕಿಂತ ತುಸು ಹೆಚ್ಚು. ಗೋಡೆಯನ್ನು ನೋಡುವುದರ ಬದಲು ಗೋಡೆಯೊಳಗಣ ಜನರನ್ನು ನೋಡಿದಾಗ ಅಗತ್ಯದ ಚಿತ್ರವೇ ಬೇರೆಯಾಗುತ್ತದೆ. ನಮ್ಮ ಹಳ್ಳಿಗಳಲ್ಲಿಯೂ ನಾಲ್ಕು ಪ್ರಶ್ನೆಗಳನ್ನು ಒಟ್ಟಿಗೆ ಕೇಳುವುದು ಅವಶ್ಯ: ಒಂದು ಸೂರಿನಡಿ ಒಲೆಗಳೆಷ್ಟು? ಮನೆ ನಿಂತ ನೆಲ ಯಾರ ಹೆಸರಿನಲ್ಲಿದೆ? ದುಡಿಮೆಯಲ್ಲಿ ಎಷ್ಟು ಪಾಲು ಬಾಡಿಗೆಗೂ ಸಾಲಕ್ಕೂ ಹೋಗುತ್ತದೆ? ಮಕ್ಕಳು ಪಾಲಾದಾಗ ಮುಂದಿನ ಮನೆ ಎಲ್ಲಿ ಏಳಬಲ್ಲುದು? ಮೊದಲ ಮೂರು ಇಂದಿನ ಅಗತ್ಯವನ್ನು ತಿಳಿಸುತ್ತವೆ. ನಾಲ್ಕನೆಯದು ಮುಂದಿನ ತಲೆಮಾರಿನ ಅಗತ್ಯವನ್ನು ಕುರಿತದ್ದು. ರಾಜಾಜಿನಗರದ ಕಾಲದಿಂದ ನಮ್ಮ ದಾಖಲೆಗಳಲ್ಲಿ ಎಡೆ ಪಡೆಯದೆ ಉಳಿದ ಪ್ರಶ್ನೆಯೂ ಅದೇ.

ಈ ಕೆಲಸವು ನಮ್ಮ ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ದೂರದ್ದಲ್ಲ. ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿಯೂ ನಾಗರಭಾವಿಯ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯೂ ಈ ಹಳ್ಳಿಗಳ ನಡುವೆಯೇ ನಿಂತಿವೆ. ಒಂದು ಗ್ರಾಮಠಾಣವನ್ನು ಆಯ್ದುಕೊಂಡು, ಹಳೆಯ ಗ್ರಾಮನಕ್ಷೆ, ಪಂಚಾಯಿತಿಯ ಕಂದಾಯ ಪುಸ್ತಕ, ಸ್ವಾಧೀನದ ಅಧಿಸೂಚನೆ ಇವುಗಳನ್ನು ಮುಂದಿಟ್ಟುಕೊಂಡು, ಊರಿನ ಹಿರಿಯರಿಂದ ಮನೆ ಮನೆಯ ಪಾಲಿನ ವೃತ್ತಾಂತವನ್ನು ಬರೆದುಕೊಂಡರೆ, ಸರ್ಕಾರಿ ಪಟ್ಟಿಗಳಲ್ಲಿ ಸಿಕ್ಕದ ಲೆಕ್ಕ ಕೈಗೆ ಬಂದೀತು. ಹಾಗೆ ಹೇಳಬಲ್ಲ ಹಿರಿಯರ ಸಂಖ್ಯೆ ವರ್ಷ ವರ್ಷಕ್ಕೂ ಕಡಮೆಯಾಗುತ್ತಿದೆ. ಪಶ್ಚಿಮಕ್ಕೆ ಇನ್ನೂ ಹಳ್ಳಿಗಳಾಗಿಯೇ ಉಳಿದಿರುವ ಊರುಗಳಲ್ಲಿಯಾದರೂ, ಹೊಲವನ್ನು ಅಳೆಯುವ ಮೊದಲು ಮನೆಯನ್ನು ಅಳೆಯುವ ಕೆಲಸ ನಡೆಯಬೇಕಾಗಿದೆ.